ಪಿಟೀಲು ಹೋಲಿಸುವ ಮೊದಲು ಟೇಪಿನ ಪಾಲು ಕಳೆಯಿರಿ

ಇಬ್ಬರು ವಿದ್ವಾಂಸರ ಪಿಟೀಲು ಕೇಳಿ 'ಇವರದ್ದೇ ಮೇಲು' ಅನ್ನುವ ತೀರ್ಪಿನಲ್ಲಿ ಮೈಕು, ಟೇಪು, ವಾಲ್ಯೂಮುಗಳ ಪಾಲೇ ಹೆಚ್ಚು. ಅದನ್ನು ಕಳೆದ ಮೇಲೆ ಕೈಯ ಮಾತು.

ಇಡೀ ಕಛೇರಿ ಬೇಡ. ಕಛೇರಿಯ ಆರಂಭದಲ್ಲಿ ನುಡಿಸುವ ರಚನೆಯಾದ ವರ್ಣ ತೆಗೆದುಕೊಳ್ಳಿ, ಅದರ ಸ್ವರಗಳು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಭೈರವಿ ರಾಗದ 'ವಿರಿಬೋಣಿ' ಆದೀತು. ಪಲ್ಲವಿಯ (ಮೊದಲ ಭಾಗದ) ಮೊದಲ ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಕತ್ತರಿಸಿ ಒಬ್ಬೊಬ್ಬರದ್ದೂ ಒಂದೊಂದು ಫೈಲು ಮಾಡಿ. ಧ್ವನಿ ತಿದ್ದುವ ತಂತ್ರಾಂಶ ಅಡಾಸಿಟಿ ಉಚಿತ, ಅಷ್ಟು ಸಾಕು.

ಮೊದಲು ಟೇಪಿನ ದೋಷ. ಕಾಸರಗೋಡಿನ ಮಳೆಗಾಲ ಕಂಡ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರುತ್ತದೆ. ಟೇಪು ಓದುವ ಹೆಡ್ಡಿಗೆ ಅದು ಮೆತ್ತಿದರೆ ತಾರಸ್ಥಾಯಿ ಮಂಕಾಗುತ್ತದೆ. ಅದನ್ನು ವಾದಕರ 'ಮೃದು ನಾದ' ಅಂತ ಹೊಗಳಿದವರೂ ಉಂಟು. ಇನ್ನು ವೇಗ: ಡೆಕ್ಕಿನ ಮೋಟಾರು ಶೇ 6ರಷ್ಟು ವೇಗವಾಗಿ ಓಡಿದರೆ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಏರುತ್ತದೆ, ಜೊತೆಗೆ ಕಾಲಪ್ರಮಾಣ, ಅಂದರೆ ನುಡಿಸುವ ವೇಗವೂ. ಪತ್ತೆಹಚ್ಚಲು ಅಡಾಸಿಟಿಯ 'ಪ್ಲಾಟ್ ಸ್ಪೆಕ್ಟ್ರಮ್' ತೆರೆದು ಕರೆಂಟಿನ ಗುಂಯ್ ಸದ್ದು ಎಲ್ಲಿದೆ ನೋಡಿ. ನಮ್ಮಲ್ಲಿ ಅದು 50 ಹರ್ಟ್ಜ್. 53ರಲ್ಲಿ ನಿಂತಿದ್ದರೆ ವೇಗವನ್ನು 0.943ರಿಂದ ಗುಣಿಸಿ. 50ರಲ್ಲೇ ಇದ್ದರೂ ಪೂರ್ತಿ ನಂಬಬೇಡಿ, ಕಂಪ್ಯೂಟರಿಗೆ ಇಳಿಸುವಾಗ ಸೇರಿಕೊಂಡದ್ದೂ ಆಗಿರಬಹುದು. 'ಚೇಂಜ್ ಪಿಚ್' ಮಾತ್ರ ಮುಟ್ಟಬೇಡಿ, ಶ್ರುತಿ ಇಳಿದರೂ ಕಾಲ ತಪ್ಪಾಗಿಯೇ ಉಳಿಯುತ್ತದೆ.

ಶ್ರುತಿ ಬೇರೆಯಾದದ್ದೆಲ್ಲ ದೋಷವಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಬಾಖ್‌ನ ಒಂಟಿ ಪಿಟೀಲಿನ ರಚನೆ 'ಶಕೋನ್' ಹೋಲಿಸುವವರಿಗೂ ಈ ತೊಡಕು ಇದೆ: ಬರೋಕ್ (ಬಾಖ್ ಕಾಲದ) ಶೈಲಿಯವರು ಸಾಮಾನ್ಯವಾಗಿ 'ಎ' ತಂತಿಯನ್ನು 415 ಹರ್ಟ್ಜ್‌ಗೆ ಕೂಡಿಸುತ್ತಾರೆ, ಉಳಿದವರು 440ರ ಆಸುಪಾಸು. ಹಾಗೆಯೇ ಮೈಸೂರಿನ ಪಿಟೀಲು ವಿದ್ವಾಂಸ ಚೌಡಯ್ಯನವರ ದಪ್ಪ ನಾದದಲ್ಲಿ ಅವರ ಏಳು ತಂತಿಯ ಪಿಟೀಲಿನದ್ದೂ ಪಾಲಿದೆ. ಅದನ್ನು ನಾಲ್ಕು ತಂತಿಯವರ ಕಮಾನಿನ ಬಲದ ಪಕ್ಕದಲ್ಲಿಟ್ಟು ಅಳೆಯಬಾರದು.

ಆಮೇಲೆ ಸದ್ದು ಸಮ ಮಾಡಿ. ತುಸು ಜೋರಾದದ್ದೇ ಕಿವಿಗೆ ಚಂದ ಕೇಳುತ್ತದೆ. 'ಲೌಡ್‌ನೆಸ್ ನಾರ್ಮಲೈಸೇಶನ್'ನಲ್ಲಿ ಎಲ್ಲ ಫೈಲಿಗೂ −23 LUFS (ಸದ್ದಿನ ಜೋರಿನ ಅಳತೆ) ಕೊಡಿ. ಮೃದಂಗ ಮುಂದೆ ಕೂತ ಮುದ್ರಣದಲ್ಲಿ ಈ ಲೆಕ್ಕ ಪಿಟೀಲನ್ನು ಹಿಂದೆ ತಳ್ಳುತ್ತದೆ, ಅಂಥದ್ದನ್ನು ಕಿವಿಯಿಂದಲೇ ಸರಿಪಡಿಸಿ.

ಈಗ ಕೇಳಿ, ಒಂದು ಸುತ್ತಿಗೆ ಒಂದೇ ವಿಷಯ. ಕಾಲಪ್ರಮಾಣಕ್ಕೆ ಸ್ಟಾಪ್‌ವಾಚ್: ಈ ವರ್ಣದ ಅಟ ತಾಳಕ್ಕೆ 14 ಅಕ್ಷರ (ಎಣಿಕೆ), ಆವರ್ತಕ್ಕೆ 21 ಸೆಕೆಂಡಾದರೆ ನಿಮಿಷಕ್ಕೆ 40 ಅಕ್ಷರ. ಎರಡನೇ ಸುತ್ತಿನಲ್ಲಿ ಧೈವತ ('ದ' ಸ್ವರ) ಮಾತ್ರ. ಭೈರವಿ ಏರುವಾಗ ಎತ್ತರದ ಚತುಶ್ರುತಿ ಧೈವತ, ಇಳಿಯುವಾಗ ತಗ್ಗಿನ ಶುದ್ಧ. ಬೆರಳು ಆ ಶುದ್ಧ ಧೈವತಕ್ಕೆ ಮೇಲಿನ ನಿಷಾದದಿಂದ ('ನಿ') ಜಾರಿ ಬರುತ್ತದೋ, ನೇರ ಕೂರುತ್ತದೋ? ಮೂರನೆಯದು ಕಮಾನು. ಆವರ್ತದಲ್ಲಿ ಅದು ಎಷ್ಟು ಸಲ ತಿರುಗಿತು ಎಣಿಸಿ. ಹಿಸ್ಸ್ ತೆಗೆಯುವ ಫಿಲ್ಟರ್ ಹಾಕಿದ ಪ್ರತಿಯಲ್ಲಿ ಈ ಎಣಿಕೆ ಕೈಕೊಡುತ್ತದೆ, ಕಮಾನು ತಿರುಗುವ ಸಣ್ಣ ಉಜ್ಜು ಸದ್ದನ್ನೂ ಅದು ಅಳಿಸಿರುತ್ತದೆ.

ಫೈಲುಗಳಿಗೆ ಅ, ಆ, ಇ ಅಂತ ಹೆಸರಿಟ್ಟು, ಯಾವುದು ಯಾರದ್ದೆಂದು ನಿಮಗೆ ತಿಳಿಯದಂತೆ ಮನೆಯವರ ಕೈಯಲ್ಲಿ ಹಾಕಿಸಿ. ಆಟಿ ತಿಂಗಳ ಜಡಿಮಳೆ ಹಂಚಿನ ಮಾಡಿಗೆ ಬಡಿಯುತ್ತಿರುವಾಗ ಮಾತ್ರ ಕೂರಬೇಡಿ. ತಂಬೂರಿ ಮುಳುಗಿ, ಶ್ರುತಿಗೆ ಆಧಾರವೇ ಸಿಗುವುದಿಲ್ಲ.