ಕೂಸಿನೊಂದಿಗೆ ಮೊದಲ ವಿಮಾನಯಾನ: ಇಳಿಯುವ ಅರ್ಧ ಗಂಟೆಗೆ ಸಿದ್ಧತೆ ಹೇಗೆ?

ಹೆರಿಗೆಗೆ ತವರಿಗೆ ಬಂದವರು ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಕೂಸನ್ನು ಎತ್ತಿಕೊಂಡು ಗಂಡನ ಊರಿಗೆ ಹೊರಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಆ ಊರು ದೆಹಲಿಯೋ ಪುಣೆಯೋ ದುಬೈಯೋ ಆಗಿದ್ದರೆ ಈಗ ಹೆಚ್ಚಿನವರು ವಿಮಾನವನ್ನೇ ಹಿಡಿಯುತ್ತಾರೆ. ಹೊರಡುವ ಮುನ್ನ ತಂದೆತಾಯಿಯರನ್ನು ಕಾಡುವ ಭಯ ಸಾಮಾನ್ಯವಾಗಿ ವಿಮಾನ ಮೇಲೇರುವ ಗಳಿಗೆಯದ್ದು, ಜೊತೆಗೆ ಅಕ್ಕಪಕ್ಕದವರ ಮುಂದೆ ಮಗು ಅತ್ತರೆ ಏನು ಮಾಡುವುದೆಂಬುದು. ಆದರೆ ಕೂಸಿನ ಪುಟ್ಟ ಕಿವಿಗಳಿಗೆ ನಿಜವಾಗಿ ಕಷ್ಟವಾಗುವುದು ವಿಮಾನ ಇಳಿಯುವ ಕೊನೆಯ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆಯಲ್ಲಿ ಮಗುವಿಗೆ ಹಸಿವಿರಬೇಕು, ಹಾಲು ಕೈಗೆ ಸಿಗುವಂತಿರಬೇಕು. ಉಳಿದ ಸಿದ್ಧತೆಗಳನ್ನು ಇದಕ್ಕೆ ಹೊಂದುವಂತೆ ಮಾಡಿಕೊಂಡರೆ ಪ್ರಯಾಣದ ಹೆಚ್ಚಿನ ತೊಂದರೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಹೊರಡುವ ದಿನ ಗೊತ್ತುಮಾಡುವಾಗ

ಹುಟ್ಟಿ ಒಂದು ವಾರ ಕಳೆದ ಮಗುವನ್ನು ಹತ್ತಿಸಿಕೊಳ್ಳಲು ಹೆಚ್ಚಿನ ವಿಮಾನಯಾನ ಸಂಸ್ಥೆಗಳು ಒಪ್ಪುತ್ತವೆ. ಒಪ್ಪಿಗೆ ಇದೆಯೆಂಬ ಒಂದೇ ಕಾರಣಕ್ಕೆ ಅಷ್ಟು ಎಳೆಯ ಕೂಸನ್ನು ಕರೆದೊಯ್ಯಬೇಕಾಗಿಲ್ಲ. ತುರ್ತು ಇಲ್ಲದಿದ್ದರೆ ಆರನೆಯ ವಾರದ ಲಸಿಕೆಗಳು ಮುಗಿಯುವವರೆಗಾದರೂ ಕಾಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅವಧಿಗೆ ಮುನ್ನ ಹುಟ್ಟಿದ ಮಗುವಾಗಿದ್ದರೆ, ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ, ನೆಗಡಿ ಅಥವಾ ಕಿವಿಯ ಸೋಂಕು ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಮಕ್ಕಳ ವೈದ್ಯರನ್ನು ಕಾಣಬೇಕು. ವಿಮಾನದೊಳಗಿನ ಗಾಳಿಯ ಒತ್ತಡವು ಸಮುದ್ರಮಟ್ಟದಿಂದ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡದಷ್ಟಿರುತ್ತದೆ. ಆರೋಗ್ಯವಂತ ಮಗುವಿಗೆ ಇದರಿಂದ ತೊಂದರೆಯಿಲ್ಲವಾದರೂ ಉಸಿರಾಟದಲ್ಲಿ ಕೊರತೆಯಿರುವ ಮಗುವಿಗೆ ಇದು ಭಾರವಾಗಬಹುದು. ಹೆರಿಗೆಯಾದ ತಾಯಿಯೂ, ಅದರಲ್ಲಿಯೂ ಸಿಸೇರಿಯನ್ ಆಗಿದ್ದರೆ, ತನ್ನ ವೈದ್ಯರನ್ನು ಕೇಳಿಯೇ ಹೊರಡಬೇಕು.

ಡಿಸೆಂಬರ್ ಮತ್ತು ಜನವರಿಯಲ್ಲಿ ದೇವನಹಳ್ಳಿಯ ಸುತ್ತ ಬೆಳಗಿನ ಜಾವ ಮಂಜು ಕವಿದು ವಿಮಾನಗಳು ತಡವಾಗುವುದುಂಟು. ಉತ್ತರ ಭಾರತದಲ್ಲಂತೂ ಆ ದಿನಗಳಲ್ಲಿ ಮಂಜು ಇನ್ನೂ ದಟ್ಟ. ಆದುದರಿಂದ ಚಳಿಗಾಲದಲ್ಲಿ ನಸುಕಿನ ವಿಮಾನವನ್ನು ಬಿಟ್ಟು, ಹೊತ್ತೇರಿದ ಮೇಲಿನ ವಿಮಾನವನ್ನು ಆರಿಸಿಕೊಳ್ಳಿ.

ಟಿಕೆಟ್ ಮತ್ತು ಕಾಗದಪತ್ರ

ಎರಡು ವರ್ಷದೊಳಗಿನ ಮಗುವಿಗೆ ಬೇರೆ ಆಸನ ಬೇಕಾಗಿಲ್ಲ. ನಿಗದಿತ ಶುಲ್ಕ ಕಟ್ಟಿ ಮಡಿಲಲ್ಲಿ ಕೂರಿಸಿಕೊಳ್ಳಬಹುದು. ವಯಸ್ಸನ್ನು ಲೆಕ್ಕ ಹಾಕುವುದು ಟಿಕೆಟ್ ತೆಗೆದ ದಿನಕ್ಕಲ್ಲ, ಪ್ರಯಾಣದ ದಿನಕ್ಕೆ. ಹೋಗುವಾಗ ಎರಡು ತುಂಬಿರದೆ ಬರುವಷ್ಟರಲ್ಲಿ ತುಂಬುವುದಾದರೆ ವಾಪಸು ಪ್ರಯಾಣಕ್ಕೆ ಆಸನದ ಟಿಕೆಟ್ ಬೇಕು. ಒಬ್ಬ ವಯಸ್ಕರ ಮಡಿಲಿಗೆ ಒಂದೇ ಮಗುವಿಗೆ ಅವಕಾಶವಿರುವುದರಿಂದ ಅವಳಿ ಮಕ್ಕಳಿದ್ದರೆ ಇಬ್ಬರು ದೊಡ್ಡವರು ಹೋಗಬೇಕು, ಅದೂ ಒಂದೇ ಸಾಲಿನ ಒಂದೇ ಬದಿಯಲ್ಲಿ ಕೂರುವಂತಿಲ್ಲ. ಮೂರು ಆಸನಗಳ ಬದಿಗೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮುಸುಕುಗಳಷ್ಟೇ ಇರುತ್ತವೆ ಎಂಬುದು ಇದಕ್ಕೆ ಕಾರಣ. ತುರ್ತು ನಿರ್ಗಮನದ ಸಾಲಿನಲ್ಲಿ ಮಗುವಿರುವವರಿಗೆ ಆಸನ ಕೊಡುವುದಿಲ್ಲ.

ದೇಶದೊಳಗಿನ ಪ್ರಯಾಣದಲ್ಲಿ ತಂದೆತಾಯಿಯರ ಬಳಿ ಗುರುತಿನ ಚೀಟಿಯಿದ್ದರೆ ಕೂಸಿಗೆ ಬೇರೆ ಗುರುತಿನ ಚೀಟಿ ಬೇಕಾಗಿಲ್ಲ. ಆದರೆ ವಯಸ್ಸಿನ ದಾಖಲೆಯನ್ನು ಕೌಂಟರಿನಲ್ಲಿ ಕೇಳುತ್ತಾರೆ. ಜನನ ಪ್ರಮಾಣಪತ್ರದ ಮೂಲಪ್ರತಿಯನ್ನು, ಇಲ್ಲವೇ ಆ ಸಂಸ್ಥೆ ಒಪ್ಪುವ ಬೇರೆ ದಾಖಲೆಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ವಿದೇಶಕ್ಕೆ ಹೋಗುವುದಾದರೆ ಹಸುಗೂಸಿಗೂ ಅದರದ್ದೇ ಪಾಸ್‌ಪೋರ್ಟ್ ಬೇಕು, ವೀಸಾ ಬೇಕಾದ ದೇಶವಾದರೆ ಅದೂ ಬೇಕು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಕೆಲಸ ನಿಲ್ಲುವುದು ಇಲ್ಲಿಯೇ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಾಗಿರುವುದರಿಂದ, ಆಗಿನ್ನೂ ನಾಮಕರಣವಾಗಿರದಿದ್ದರೆ, ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಉಳಿಯುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿಗಾಗಿ ಜನ್ಮದಿನಾಂಕದ ಪುರಾವೆಯೆಂದು ಜನನ ಪ್ರಮಾಣಪತ್ರವನ್ನೇ ಕೊಡಬೇಕಾಗಿದೆ. ಹಾಗಾಗಿ ಹೆಸರಿಟ್ಟ ಕೂಡಲೇ ನೋಂದಣಾಧಿಕಾರಿಯ ಕಚೇರಿಯಲ್ಲಿ ಹೆಸರು ಸೇರಿಸಿಕೊಂಡು, ತಂದೆತಾಯಿಯರ ಹೆಸರಿನ ಕಾಗುಣಿತ ಅವರ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದು ವರ್ಷದೊಳಗೆ ಸೇರಿಸಿದರೆ ವಿಳಂಬ ಶುಲ್ಕವಿಲ್ಲ. ಪಾಸ್‌ಪೋರ್ಟ್ ಅರ್ಜಿಯೊಂದಿಗೆ ಇಬ್ಬರು ಪೋಷಕರೂ ಸಹಿ ಹಾಕಿದ, ಅನುಬಂಧ ಡಿ ಎಂಬ ಘೋಷಣಾ ಪತ್ರ ಇರಬೇಕು.

ದೂರದ ವಿಮಾನಗಳಲ್ಲಿ ಮುಂದಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು, ಎಂದರೆ ಬ್ಯಾಸಿನೆಟ್, ಇರುತ್ತದೆ. ಅವು ಕೆಲವೇ ಇರುವುದರಿಂದ ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ ಕೇಳಿ, ತೂಕದ ಮಿತಿಯನ್ನೂ ತಿಳಿದುಕೊಳ್ಳಿ. ವಿಮಾನ ಕುಲುಕುವಾಗ ಮಲಗಿರುವ ಮಗುವನ್ನು ಎತ್ತಿಕೊಳ್ಳಲೇಬೇಕಾಗುತ್ತದೆಂಬುದು ನೆನಪಿರಲಿ.

ಚೀಲದಲ್ಲಿ ಏನಿರಬೇಕು

ಮಗುವಿನ ಸಾಮಾನಿಗೆಂದೇ ಒಂದು ಚೀಲ ಮಾಡಿ, ಅದು ಮೇಲಿನ ಗೂಡಿಗೆ ಹೋಗದೆ ಮುಂದಿನ ಆಸನದ ಕೆಳಗೆ ಹಿಡಿಯುವಷ್ಟು ಚಿಕ್ಕದಾಗಿರಲಿ. ಪ್ರಯಾಣದ ಗಂಟೆಗೊಂದರಂತೆ ಡೈಪರ್ ಇಟ್ಟು, ವಿಳಂಬಕ್ಕೆಂದು ಇನ್ನೂ ಮೂರು ಸೇರಿಸಿ. ಒರೆಸುವ ಬಟ್ಟೆ, ಕೂಸಿಗೆ ಎರಡು ಜೊತೆ ಬಟ್ಟೆ, ಎತ್ತಿಕೊಳ್ಳುವವರಿಗೂ ಒಂದು ಅಂಗಿ, ಕೊಳೆಯಾದದ್ದನ್ನು ಕಟ್ಟಿಡಲು ಪ್ಲಾಸ್ಟಿಕ್ ಚೀಲ ಬೇಕು. ವಿಮಾನದೊಳಗೆ ತಂಪು ಹೆಚ್ಚು, ಗಾಳಿಯಲ್ಲಿ ತೇವಾಂಶ ಬಹಳ ಕಡಿಮೆ. ಕುಲಾವಿ, ಕಾಲುಚೀಲ, ತೆಳುವಾದ ದುಪ್ಪಟಿ ಇರಲಿ.

ಎದೆಹಾಲು ಕುಡಿಯುವ ಮಗುವಿಗೆ ಬೇರೇನೂ ಬೇಡ. ಪುಡಿಹಾಲು ಕುಡಿಯುವ ಮಗುವಿಗೆ ಪ್ರತಿ ಸಲಕ್ಕೆ ಬೇಕಾದಷ್ಟು ಪುಡಿಯನ್ನು ಮನೆಯಲ್ಲಿಯೇ ಅಳೆದು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು, ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ಯಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನವೂ ತಿನ್ನುವ ರಾಗಿ ಸರಿಯೇ ಸಾಕು. ಹೊಸ ತಿನಿಸನ್ನು ಪ್ರಯಾಣದ ದಿನ ಪರೀಕ್ಷಿಸುವುದು ಬೇಡ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ದ್ರವಗಳಿಗಿರುವ 100 ಮಿಲಿ ಲೀಟರಿನ ಮಿತಿಯು ದಾರಿಗೆ ಬೇಕಾಗುವಷ್ಟು ಮಗುವಿನ ಹಾಲಿಗೆ ಮತ್ತು ಆಹಾರಕ್ಕೆ ಅನ್ವಯಿಸುವುದಿಲ್ಲ. ತಪಾಸಣೆಯಲ್ಲಿ ಅದನ್ನು ಹೊರತೆಗೆದು ತೋರಿಸಿದರಾಯಿತು.

ಮನೆಯ ಹಿರಿಯರು ಅಕ್ಕರೆಯಿಂದ ಕಟ್ಟಿಕೊಡುವ ಗಂಟಿನಲ್ಲಿ ಎರಡು ವಸ್ತುಗಳನ್ನು ನೋಡಿಕೊಳ್ಳಿ. ಬಾಣಂತಿಗೆಂದು ಇಡುವ ಒಣ ಕೊಬ್ಬರಿ ಗಿಟುಕು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವಿಮಾನದ ಸಾಮಾನಿನಲ್ಲಿ ಅದಕ್ಕೆ ಅವಕಾಶವಿಲ್ಲ. ಗಸಗಸೆ ದುಬೈ ಮತ್ತು ಸಿಂಗಪುರದಲ್ಲಿ ಮಾದಕವಸ್ತುವಿನ ಕಾನೂನಿನಡಿ ನಿಷಿದ್ಧ; ಚಿಟಿಕೆಯಷ್ಟನ್ನೂ ಒಯ್ಯಬೇಡಿ. ಇನ್ನು ಮಗು ದಾರಿಯುದ್ದಕ್ಕೂ ಮಲಗಲೆಂದು ಗಸಗಸೆ ಅರೆದು ಕುಡಿಸುವುದು, ನೆಗಡಿಯ ಸಿರಪ್ ಹಾಕುವುದು, ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು, ಇವು ಮೂರೂ ಅಪಾಯಕಾರಿ. ಮೊದಲೆರಡರಿಂದ ಎಳೆಯ ಮಗುವಿನ ಉಸಿರಾಟ ಕುಂಠಿತವಾಗಬಹುದು. ಜೇನುತುಪ್ಪದಿಂದ ಬಾಟುಲಿಸಂ ಎಂಬ ವಿಷಬಾಧೆ ತಗಲಬಹುದು. ಈ ಮಾತಿನಲ್ಲಿ ಅಜ್ಜಿಯರ ಮನಸ್ಸು ನೋಯಿಸಬೇಕಾಗಿ ಬಂದರೂ ಒಪ್ಪಬಾರದು.

ನಿಲ್ದಾಣದಲ್ಲಿ

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿದ್ದು, ನಿಮ್ಮದು ಯಾವುದೆಂದು ಟಿಕೆಟ್ ನೋಡಿಕೊಂಡೇ ಟ್ಯಾಕ್ಸಿ ಹತ್ತಿ. ಮಡಿಲ ಮಗುವಿರುವವರಿಗೆ ಕೆಲವು ಸಂಸ್ಥೆಗಳಲ್ಲಿ ವೆಬ್ ಚೆಕ್-ಇನ್ ಆಗುವುದಿಲ್ಲ, ಕೌಂಟರಿಗೇ ಹೋಗಬೇಕು. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಎರಡೂವರೆ ಗಂಟೆ ಮುಂಚೆ ತಲುಪುವುದು ಕ್ಷೇಮ. ಮಡಚುವ ತಳ್ಳುಗಾಡಿಗೆ ಹೆಚ್ಚಿನ ಸಂಸ್ಥೆಗಳು ಹಣ ಕೇಳುವುದಿಲ್ಲ. ಅದನ್ನು ಗೇಟಿನವರೆಗೆ ಒಯ್ದು ಅಲ್ಲಿ ಒಪ್ಪಿಸಬಹುದೇ, ಇಳಿದ ಮೇಲೆ ವಿಮಾನದ ಬಾಗಿಲಲ್ಲಿಯೇ ಸಿಗುವುದೇ ಎಂದು ಇಲ್ಲಿಯೇ ಕೇಳಿಟ್ಟುಕೊಳ್ಳಿ. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಎತ್ತಿಕೊಂಡು, ಗಾಡಿಯನ್ನು ಯಂತ್ರದೊಳಗೆ ಕಳಿಸಬೇಕು. ಅದು ಮುಗಿದ ಮೇಲೆ ಶಿಶು ಆರೈಕೆ ಕೊಠಡಿಗೆ ಹೋಗಿ ಡೈಪರ್ ಬದಲಿಸಿ, ಹಾಲುಣಿಸಿ. ಗಂಟೆ ನೋಡಿಕೊಂಡು ಮಾಡಬೇಕಾದ ಕೆಲಸ ಇದು. ದೆಹಲಿಯ ವಿಮಾನ ಸುಮಾರು ಎರಡೂಮುಕ್ಕಾಲು ಗಂಟೆಯದ್ದು. ಹತ್ತುವ ಮುನ್ನ ಹೊಟ್ಟೆ ತುಂಬಿದ ಮಗುವಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ.

ವಿಮಾನದೊಳಗೆ

ಕುಳಿತ ಕೂಡಲೇ ಸಿಬ್ಬಂದಿಯಿಂದ ಮಗುವಿನ ಬೆಲ್ಟ್ ಕೇಳಿ ಪಡೆಯಿರಿ. ಅದು ನಿಮ್ಮ ಬೆಲ್ಟಿಗೆ ಸೇರಿಕೊಂಡು ಮಗುವಿನ ಸೊಂಟವನ್ನು ಬೇರೆಯಾಗಿ ಸುತ್ತುತ್ತದೆ. ನಿಮ್ಮ ಬೆಲ್ಟಿನೊಳಗೇ ಮಗುವನ್ನು ಸೇರಿಸಿ ಕಟ್ಟಿಕೊಳ್ಳಬೇಡಿ. ವಿಮಾನ ತಟ್ಟನೆ ನಿಂತರೆ ನಿಮ್ಮ ಭಾರವೆಲ್ಲ ಕೂಸಿನ ಮೇಲೆ ಬೀಳುತ್ತದೆ. ಆಮ್ಲಜನಕದ ಮುಸುಕು ಇಳಿದರೆ ಮೊದಲು ನೀವು ತೊಟ್ಟು ಆಮೇಲೆ ಮಗುವಿಗೆ ತೊಡಿಸಬೇಕೆನ್ನುವುದು ತಾಯಿಯ ಮನಸ್ಸಿಗೆ ಕಠೋರವಾಗಿ ಕೇಳಿಸಬಹುದು. ಆದರೆ 35 ಸಾವಿರ ಅಡಿಯಲ್ಲಿ ಆಮ್ಲಜನಕವಿಲ್ಲದೆ ಎಚ್ಚರವಿರುವುದು ಅರ್ಧದಿಂದ ಒಂದು ನಿಮಿಷ ಮಾತ್ರ. ನೀವು ಎಚ್ಚರವಿದ್ದರಷ್ಟೇ ಮಗುವಿಗೆ ರಕ್ಷಣೆ.

ಮೇಲೇರುವಾಗ ಮಗು ಮಲಗಿದ್ದರೆ ಎಬ್ಬಿಸಬೇಡಿ. ಎಚ್ಚರವಿದ್ದರೆ ಸ್ವಲ್ಪವೇ ಹಾಲು ಕೊಡಿ, ಅಥವಾ ನಿಪ್ಪಲ್ ಚೀಪಲು ಬಿಡಿ. ನಡುವೆ ಬೆಲ್ಟಿನ ದೀಪ ಆರಿದಾಗ ಎತ್ತಿಕೊಂಡು ಓಡಾಡಿಸಬಹುದು. ಡೈಪರ್ ಬದಲಿಸುವ ಹಲಗೆ ಯಾವ ಶೌಚಾಲಯದಲ್ಲಿದೆಯೆಂದು ಗಗನಸಖಿಯರು ತೋರಿಸುತ್ತಾರೆ.

ಆ ಅರ್ಧ ಗಂಟೆ

ಕಿವಿತಮಟೆಯ ಹಿಂದಿರುವ ಮಧ್ಯಕಿವಿಯಿಂದ ಗಂಟಲಿನ ಹಿಂಭಾಗಕ್ಕೆ ಯೂಸ್ಟೇಷಿಯನ್ ನಾಳವೆಂಬ ಸಣ್ಣ ದಾರಿಯಿದೆ. ವಿಮಾನ ಏರುವಾಗ ಮಧ್ಯಕಿವಿಯ ಗಾಳಿ ಹಿಗ್ಗಿ ಈ ದಾರಿಯಿಂದ ಸುಲಭವಾಗಿ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತ ಹೋಗಿ ಕಿವಿತಮಟೆಯನ್ನು ಒಳಕ್ಕೆ ಒತ್ತುತ್ತದೆ. ಆಗ ಗಾಳಿ ಒಳಗೆ ಬರಬೇಕಾದರೆ ನಾಳವು ತೆರೆಯಬೇಕು, ಅದು ತೆರೆಯುವುದು ನುಂಗಿದಾಗ ಅಥವಾ ಆಕಳಿಸಿದಾಗ. ದೊಡ್ಡವರು ಬೇಕೆಂದೇ ಎಂಜಲು ನುಂಗುತ್ತಾರೆ. ಕೂಸಿಗೆ ಅದು ತಿಳಿಯದು, ಅದರ ನಾಳವೂ ಕಿರಿದು. ಆದ್ದರಿಂದಲೇ ಹಾಲು.

ಇನ್ನೊಂದು ವಿಷಯವನ್ನು ನಮ್ಮ ಪ್ರಯಾಣಿಕರು ಗಮನಿಸಬೇಕು. ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಮುಂಬೈಯಲ್ಲಿಯೋ ಚೆನ್ನೈಯಲ್ಲಿಯೋ ಇಳಿಯುವಾಗ ಒತ್ತಡ ಹೆಚ್ಚು ಬದಲಾಗುತ್ತದೆ, ಬೆಂಗಳೂರಿಗೆ ಮರಳುವಾಗ ಅಷ್ಟಿಲ್ಲ. ಆದ್ದರಿಂದ ಬರುವಾಗ ಏನೂ ಆಗಲಿಲ್ಲವೆಂದು ಹೋಗುವಾಗ ಮೈಮರೆಯಬಾರದು.

ಇಳಿಯಲು ಆರಂಭಿಸುವುದು ನೆಲ ಮುಟ್ಟುವ ಇಪ್ಪತ್ತೈದು ಮೂವತ್ತು ನಿಮಿಷ ಮೊದಲು. ಬೆಲ್ಟ್ ಕಟ್ಟಿಕೊಳ್ಳಿ ಎಂಬ ಪ್ರಕಟಣೆಗೆ ಕಾದರೆ ತಡವಾಗಬಹುದು. ಇಳಿಯಲು ಶುರುವಾದಾಗ ಹೇಳಿರೆಂದು ಸಿಬ್ಬಂದಿಯನ್ನು ಮೊದಲೇ ಕೇಳಿಕೊಳ್ಳಿ. ಮಗು ಮಲಗಿದ್ದರೆ ಈಗ ಮೆಲ್ಲನೆ ಎಬ್ಬಿಸಿ, ಏಕೆಂದರೆ ನಿದ್ದೆಯಲ್ಲಿ ನುಂಗುವುದು ಕಡಿಮೆ. ತಲೆ ಎತ್ತರದಲ್ಲಿರುವಂತೆ ಓರೆಯಾಗಿ ಹಿಡಿದು, ಒಂದೇ ಸಲಕ್ಕೆ ಹೊಟ್ಟೆ ತುಂಬದಂತೆ ನಡುನಡುವೆ ಬಿಡಿಸಿ ತೇಗಿಸುತ್ತ ಉಣಿಸಿ. ಆರು ತಿಂಗಳು ದಾಟಿದ್ದರೆ ಚಮಚದಲ್ಲಿ ನೀರು ಗುಟುಕರಿಸಲೂಬಹುದು. ಕೊನೆಯ ಕೆಲವು ನಿಮಿಷ ಸಿಬ್ಬಂದಿ ಹೇಳಿದಂತೆ ಬೆಲ್ಟ್ ತೊಡಿಸಿ ಕೂರಿಸಿಕೊಂಡಾಗ ನಿಪ್ಪಲ್ ಬಾಯಲ್ಲಿರಲಿ. ಏನು ಕೊಟ್ಟರೂ ಒಲ್ಲದೆ ಮಗು ಅತ್ತರೆ ಗಾಬರಿಯಾಗಬೇಡಿ: ಅಳುವಾಗಲೂ ಕೂಸು ನಡುನಡುವೆ ನುಂಗುತ್ತದೆ, ನಾಳ ತೆರೆಯಲು ಅದೂ ನೆರವಾಗುತ್ತದೆ. ಪಕ್ಕದವರ ಕ್ಷಮೆ ಕೇಳುತ್ತ ಕೂರುವ ಅಗತ್ಯವಿಲ್ಲ. ನಿಮ್ಮ ಗಮನವೆಲ್ಲ ಮಗುವಿನ ಮೇಲಿರಲಿ.

ಇಳಿದ ಮೇಲೆ

ನೂಕುನುಗ್ಗಲು ಮುಗಿದ ಮೇಲೆ ಏಳಿ. ತಳ್ಳುಗಾಡಿ ಪಡೆದು, ಟ್ಯಾಕ್ಸಿ ಹತ್ತುವ ಮೊದಲು ಡೈಪರ್ ಬದಲಿಸಿಕೊಳ್ಳಿ. ಒಂದೆರಡು ಗಂಟೆ ಮಗು ಕಿರಿಕಿರಿ ಮಾಡುವುದು ಸಹಜ. ಆದರೆ ಮರುದಿನವೂ ಕಿವಿಯನ್ನು ಎಳೆದುಕೊಳ್ಳುತ್ತಿದ್ದರೆ, ಜ್ವರ ಬಂದರೆ, ಹಾಲು ಕುಡಿಯಲು ಒಲ್ಲದಿದ್ದರೆ ಅಥವಾ ಕಿವಿಯಿಂದ ನೀರು ಸೋರಿದರೆ, ಎಣ್ಣೆ ಬಿಡುವ ಪ್ರಯೋಗ ಮಾಡದೆ ಆ ಊರಿನ ಮಕ್ಕಳ ವೈದ್ಯರಿಗೆ ತೋರಿಸಿ. ವಾಪಸು ಪ್ರಯಾಣ ಹತ್ತಿರದಲ್ಲಿದ್ದರೆ ಅದನ್ನೂ ಅವರಿಗೆ ತಿಳಿಸಿ, ಅವರು ಹೇಳಿದ ಮೇಲೆಯೇ ಮುಂದಿನ ವಿಮಾನ ಹತ್ತಿ.