ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿದೆ, ಬದಲಾಯಿಸಬೇಕಾ?

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಕಂಪ್ಯೂಟರ್ 2014ರದ್ದು. ಅಪ್ಪ ಕರೆಂಟ್ ಬಿಲ್ ಕಟ್ಟುವುದು, ಮಗಳು ಪಾಠ ಕೇಳುವುದು ಎಲ್ಲ ಅದರಲ್ಲೇ. ನಿಧಾನ ಅಂತ ಬಿಸಾಕುವ ಮೊದಲು, ಯಾಕೆ ನಿಧಾನ ಅಂತ ನೋಡಬೇಕು ಅಲ್ವಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನಾ ಮಾಡುವ ಕೆಲಸ ಶುರುಮಾಡಿ, ಅಂಕಿಗಳನ್ನು ಗಮನಿಸಿ. ನಮ್ಮದರಲ್ಲಿ ಡಿಸ್ಕ್ 100%ಗೆ ಅಂಟಿಕೊಂಡಿತ್ತು, ಪ್ರೊಸೆಸರ್ ಸುಮ್ನೆ ಕೂತಿತ್ತು. ಅಂದರೆ ನಿಧಾನಕ್ಕೆ ಕಾರಣ ಡಿಸ್ಕ್. ಹಳೇ ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆ ತಿರುಗಬೇಕು, ಅದರ ಮೇಲೆ ಓದುವ ಕಡ್ಡಿ ಓಡಾಡಬೇಕು. ಅದರ ಬದಲು ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದನ್ನು ಹಾಕಿಸಿದ ಮೇಲೆ ಅಪ್ಪ ಆನ್ ಮಾಡಿ ಎದ್ದು ಹೋಗುವುದನ್ನೇ ಬಿಟ್ಟರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ತುಂಬಿದಂತೆ ಕಂಡರೆ ರ್‍ಯಾಮ್ ಜಾಸ್ತಿ ಮಾಡಿಸಿ. ಗಡಿಯಾರ ಪದೇ ಪದೇ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಸಣ್ಣ ಸೆಲ್ ಬದಲಿಸಿದರೆ ಸಾಕು.

ನಿಜವಾದ ತಲೆನೋವು ಸುರಕ್ಷತೆಯದ್ದು. ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕು. ಬರೀ ಬ್ರೌಸರ್ ಸಾಕು ಅನ್ನುವವರು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಪ್ರಿಂಟರ್ ಹೊಂದುತ್ತದಾ ಅಂತ ಆಗಲೇ ಗೊತ್ತಾಗುತ್ತದೆ. ನಿಮಗೆ ಬೇಕೇಬೇಕಾದ ಸಾಫ್ಟ್‌ವೇರ್ ವಿಂಡೋಸ್ 11 ಕೇಳಿದರೆ, ಅಥವಾ ಮದರ್‌ಬೋರ್ಡೇ ಹೋದರೆ, ಹೊಸದು ತಗೊಳ್ಳಿ. ಆಗ ಹಳೇದಕ್ಕೆ ದುಡ್ಡು ಸುರಿಯಬೇಡಿ.

ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಮಾತ್ರ ಇದೆಲ್ಲ ಆಮೇಲೆ. ಮೊದಲು ಫೋಟೊಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.