ಹೆಸರಿನ ಮುಂದಿನ ಎಫ್.ಆರ್.ಎಸ್.: ವಿಕ್ಟೋರಿಯಾ ಕಾಲದ ವಿಜ್ಞಾನ ಸಂಘದ ದಾಖಲೆಗಳನ್ನು ಓದುವ ಕ್ರಮ

ಹಳೆಯ ಮೈಸೂರು ಸೀಮೆಯ ಚರಿತ್ರೆಯನ್ನು ಓದುವವರಿಗೆ ಪುಸ್ತಕಗಳ ಮುಖಪುಟದಲ್ಲಿ ಲೇಖಕರ ಹೆಸರಿನ ಮುಂದೆ ಸಾಲುಗಟ್ಟಿ ನಿಂತ ಅಕ್ಷರಗಳು ಹೊಸದಲ್ಲ. ಶಾಸನ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಅವರಿಗೆ ಎಂ.ಆರ್.ಎ.ಎಸ್., ಶಿವಮೊಗ್ಗದಲ್ಲಿ ವೈದ್ಯರಾಗಿ ಕೆಲಸ ಮಾಡಿ ಮುಂದೆ ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ಅವರಿಗೆ ಎಫ್.ಎಲ್.ಎಸ್., ಧಾರವಾಡ ಶಿಲಾಸಮೂಹಕ್ಕೆ ಆ ಹೆಸರನ್ನು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಎಫ್.ಜಿ.ಎಸ್. ಎಂಬ ಅಕ್ಷರಗಳಿವೆ. ಫೂಟ್ ಅವರು ದುಡಿದ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಥಾಮಸ್ ಓಲ್ಡ್‌ಹ್ಯಾಂ ಅವರ ಹೆಸರಿನ ಮುಂದೆ ಎಫ್.ಆರ್.ಎಸ್., ಅಂದರೆ ರಾಯಲ್ ಸೊಸೈಟಿಯ ಫೆಲೋ (ಚುನಾಯಿತ ಸದಸ್ಯ) ಎಂಬ ಗುರುತು ಇದೆ. ಇವೆಲ್ಲವನ್ನೂ ಕನ್ನಡದಲ್ಲಿ ‘ಪ್ರತಿಷ್ಠಿತ ಸಂಘದ ಸದಸ್ಯರು’ ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿ ಬೆಳೆದುಬಿಟ್ಟಿದೆ. ಆದರೆ ಈ ಅಕ್ಷರಗಳ ತೂಕ ಸಂಘದಿಂದ ಸಂಘಕ್ಕೆ ಬೇರೆ. ಒಂದೇ ಸಂಘದಲ್ಲಿಯೂ ವರ್ಷದಿಂದ ವರ್ಷಕ್ಕೆ ಬೇರೆ. ಲಂಡನ್ನಿನ ರಾಯಲ್ ಸೊಸೈಟಿಯನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ಆ ಕಾಲದ ಸದಸ್ಯತ್ವ ಮತ್ತು ಆಡಳಿತದ ದಾಖಲೆಗಳನ್ನು ಹೇಗೆ ಓದಬೇಕೆಂಬುದನ್ನು, ವ್ಯಕ್ತಿಚರಿತ್ರೆ ಬರೆಯುವವರಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇನೆ.

ಮೊದಲು ನೋಡಬೇಕಾದದ್ದು ಚುನಾವಣೆಯ ದಿನಾಂಕ

ರಾಯಲ್ ಸೊಸೈಟಿ 1660ರಲ್ಲಿ ಹುಟ್ಟಿ, 1662 ಮತ್ತು 1663ರ ರಾಜಸನ್ನದುಗಳಿಂದ ಕಾನೂನಿನ ರೂಪ ಪಡೆದ ಸಂಸ್ಥೆ. ವಿಕ್ಟೋರಿಯಾ ರಾಣಿ 1837ರಲ್ಲಿ ಪಟ್ಟಕ್ಕೆ ಬಂದಾಗ ಅದು ವಿಜ್ಞಾನಿಗಳ ಸಂಘವಾಗಿದ್ದಷ್ಟೇ ದೊಡ್ಡಮನುಷ್ಯರ ಕೂಟವೂ ಆಗಿತ್ತು. ಭೂಮಾಲೀಕರು, ಪಾದ್ರಿಗಳು, ಸೇನಾಧಿಕಾರಿಗಳು, ಪುರಾತನ ವಸ್ತುಗಳನ್ನು ಸಂಗ್ರಹಿಸುವವರು ಕೆಲವು ಫೆಲೋಗಳ ರುಜು ಪಡೆದು, ಶುಲ್ಕ ಕಟ್ಟಿ, ಸುಲಭವಾಗಿ ಒಳಗೆ ಬರುತ್ತಿದ್ದರು. ಚಾರ್ಲ್ಸ್ ಬ್ಯಾಬೇಜ್ 1830ರಲ್ಲಿ ಇಂಗ್ಲೆಂಡಿನ ವಿಜ್ಞಾನದ ಅವನತಿಯನ್ನು ಕುರಿತು ಪುಸ್ತಕ ಬರೆದು ಈ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ಅದೇ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್ ಅವರು ರಾಜಮನೆತನದ ಡ್ಯೂಕ್ ಆಫ್ ಸಸೆಕ್ಸ್ ಅವರ ಎದುರು 111ಕ್ಕೆ 119 ಮತಗಳಿಂದ ಸೋತರು. ಸುಧಾರಣೆ ಬರಲು ಮತ್ತೆ ಹದಿನೇಳು ವರ್ಷ ಬೇಕಾಯಿತು.

ವಿಲಿಯಂ ರಾಬರ್ಟ್ ಗ್ರೋವ್ ಮೊದಲಾದವರ ಒತ್ತಾಯದಿಂದ 1847ರಲ್ಲಿ ಬಂದ ಹೊಸ ನಿಯಮಗಳೇ ನಮ್ಮ ಓದಿನ ಗಡಿಕಲ್ಲು. ಅದುವರೆಗೆ ವರ್ಷದ ಬೇರೆ ಬೇರೆ ಸಭೆಗಳಲ್ಲಿ ಆಗಾಗ ನಡೆಯುತ್ತಿದ್ದ ಚುನಾವಣೆ ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ, ಜೂನ್ ತಿಂಗಳಿನಲ್ಲಿ ಮಾತ್ರ ನಡೆಯತೊಡಗಿತು. ಎಷ್ಟೇ ಉಮೇದುವಾರರಿದ್ದರೂ ಆಡಳಿತ ಮಂಡಳಿ ಅವರಲ್ಲಿ 15 ಮಂದಿಯನ್ನು ಮಾತ್ರ ಆರಿಸಿ ಶಿಫಾರಸು ಮಾಡುತ್ತಿತ್ತು, ಉಳಿದ ಫೆಲೋಗಳು ಅವರಿಗೆ ಗುಪ್ತ ಮತ ಹಾಕುತ್ತಿದ್ದರು. ಪಟ್ಟಿಯ ಹೆಸರನ್ನು ಹೊಡೆದುಹಾಕಿ ಬೇರೆಯವರ ಹೆಸರು ಬರೆಯುವ ಹಕ್ಕು ಮತದಾರರಿಗೆ ಇತ್ತಾದರೂ, ನಿಜವಾದ ಆಯ್ಕೆ ಮಂಡಳಿಯ ಕೋಣೆಯಲ್ಲೇ ಮುಗಿದಿರುತ್ತಿತ್ತು.

ಆದ್ದರಿಂದ ಯಾರದೇ ಎಫ್.ಆರ್.ಎಸ್. ಕಂಡಾಗ ವರ್ಷವನ್ನೂ ತಿಂಗಳನ್ನೂ ಗುರುತು ಹಾಕಿಕೊಳ್ಳಿ. ಚಾರ್ಲ್ಸ್ ಡಾರ್ವಿನ್ ಚುನಾಯಿತರಾದದ್ದು 1839ರ ಜನವರಿ 24ರಂದು; ಅದು ಹಳೆಯ ಪದ್ಧತಿಯ ಚುನಾವಣೆ. ಮೇಲೆ ಹೇಳಿದ ಓಲ್ಡ್‌ಹ್ಯಾಂ ಚುನಾಯಿತರಾದದ್ದು 1848ರ ಜೂನ್‌ನಲ್ಲಿ. ಅದು ಹೊಸ ನಿಯಮದ ಮೊದಲ ತಂಡ. ಡಾರ್ವಿನ್ನರ ಯೋಗ್ಯತೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ 1839ರ ಎಫ್.ಆರ್.ಎಸ್. ಎಂಬುದನ್ನಷ್ಟೇ ಆಧಾರವಾಗಿಟ್ಟುಕೊಂಡು ಒಬ್ಬ ಸೇನಾಧಿಕಾರಿಯನ್ನು ‘ಹೆಸರಾಂತ ವಿಜ್ಞಾನಿ’ ಎಂದು ಬರೆದರೆ ಅದು ನಿಲ್ಲುವುದಿಲ್ಲ, 1860ರ ಎಫ್.ಆರ್.ಎಸ್. ಆದರೆ ಆ ಮಾತಿಗೆ ಮೇಲ್ನೋಟಕ್ಕೇ ಬಲ ಬರುತ್ತದೆ. ಒಂದು ಎಚ್ಚರ ಮಾತ್ರ ಬೇಕು: ರಾಜಕುಮಾರರು, ಪ್ರಿವಿ ಕೌನ್ಸಿಲಿನ ಸದಸ್ಯರು ಮುಂತಾದ ವಿಶೇಷ ವರ್ಗದವರಿಗೂ, ಗರಿಷ್ಠ 50ಕ್ಕೆ ಸೀಮಿತವಾಗಿದ್ದ ವಿದೇಶಿ ಸದಸ್ಯರಿಗೂ ಈ ಜೂನ್ ಚುನಾವಣೆಯ 15ರ ಮಿತಿ ಅನ್ವಯಿಸುತ್ತಿರಲಿಲ್ಲ. 1847ರ ನಂತರವೂ ಬೇರೆ ತಿಂಗಳ ದಿನಾಂಕ ಕಂಡುಬಂದರೆ, ಆ ವ್ಯಕ್ತಿ ಈ ಬಾಗಿಲಿನಿಂದ ಬಂದವರೇ ಎಂದು ಪರೀಕ್ಷಿಸಬೇಕು.

ಶಿಫಾರಸು ಪತ್ರವನ್ನು ಓದುವುದು

ದಿನಾಂಕ ತಿಳಿದ ಮೇಲೆ ಹುಡುಕಬೇಕಾದದ್ದು ಉಮೇದುವಾರಿಕೆಯ ಶಿಫಾರಸು ಪತ್ರ. ಈ ಪತ್ರಗಳು ಸೊಸೈಟಿಯ ದಾಖಲಾಗಾರದಲ್ಲಿ ಉಳಿದಿವೆ. ಅಂತರಜಾಲದ ಸೂಚಿಯಲ್ಲಿ ‘ಇ.ಸಿ.’ ಎಂಬ ಅಕ್ಷರಗಳು, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ, ಹೀಗೆ ಅವುಗಳಿಗೆ ಗುರುತು ಕೊಟ್ಟಿದ್ದಾರೆ. ಎರಡು ಶತಮಾನದ ಹಿಂದಿನ ಒಂದು ಹಾಳೆ ಇಷ್ಟು ಮಾತಾಡುತ್ತದೆಂದು ಓದುವವರೆಗೆ ಅನ್ನಿಸುವುದಿಲ್ಲ.

ಪತ್ರದ ತಲೆಯಲ್ಲಿ ಉಮೇದುವಾರರ ಹೆಸರು, ವೃತ್ತಿ ಮತ್ತು ವಾಸಸ್ಥಳ ಇರುತ್ತವೆ. ಅದರ ಕೆಳಗೆ ಯೋಗ್ಯತೆಯ ವಿವರಣೆ ಬರುತ್ತದೆ. 1847ಕ್ಕೆ ಹಿಂದಿನ ಪತ್ರಗಳಲ್ಲಿ ಈ ಭಾಗ ಹೆಚ್ಚಾಗಿ ಸವಕಲು ಮಾತಿನಲ್ಲಿ, ವಿಜ್ಞಾನದ ಶಾಖೆಗಳಲ್ಲಿ ಆಸಕ್ತಿಯುಳ್ಳ ಸಜ್ಜನರು ಎಂಬ ಧಾಟಿಯಲ್ಲಿ ಮುಗಿಯುತ್ತದೆ. ನಂತರದ ಪತ್ರಗಳಲ್ಲಿ ಪ್ರಕಟಿತ ಲೇಖನಗಳು, ಶೋಧಗಳು, ಕಟ್ಟಿದ ಉಪಕರಣಗಳು ಇವುಗಳ ಪಟ್ಟಿಯೇ ಬೆಳೆಯುತ್ತದೆ. ಆಮೇಲೆ ರುಜುಗಳು. ಹೊಸ ನಿಯಮದ ಪ್ರಕಾರ ಕನಿಷ್ಠ ಆರು ಮಂದಿ ಫೆಲೋಗಳು ರುಜು ಹಾಕಬೇಕಿತ್ತು, ಅವರಲ್ಲಿ ಮೂವರಾದರೂ ಉಮೇದುವಾರರನ್ನು ಖುದ್ದಾಗಿ ಬಲ್ಲವರಾಗಿರಬೇಕಿತ್ತು. ಹೀಗಾಗಿ ಖುದ್ದು ಪರಿಚಯದಿಂದ ರುಜು ಹಾಕಿದವರು ಒಂದು ಕಡೆ, ಕೆಲಸದ ಕೀರ್ತಿಯಿಂದ ಮಾತ್ರ ಬಲ್ಲವರು ಇನ್ನೊಂದು ಕಡೆ ನಿಲ್ಲುತ್ತಾರೆ. ಚರಿತ್ರೆ ಬರೆಯುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಮೊದಲನೆಯ ಗುಂಪು ಆ ವ್ಯಕ್ತಿ ಯಾರ ಮನೆಯಲ್ಲಿ ಊಟ ಮಾಡುತ್ತಿದ್ದ, ಯಾರ ಇಲಾಖೆಯಲ್ಲಿ ದುಡಿಯುತ್ತಿದ್ದ ಎಂಬುದನ್ನು ಸೂಚಿಸಿದರೆ, ಎರಡನೆಯದು ಆತನ ಬರಹವನ್ನು ಯಾರು ಓದಿದ್ದರು ಎಂಬುದನ್ನು ಸೂಚಿಸುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಂಡು, ಪ್ರತಿಯೊಬ್ಬರೂ ಆ ವರ್ಷ ಆಡಳಿತ ಮಂಡಳಿಯಲ್ಲಿ ಇದ್ದರೇ ಎಂದು ತಾಳೆ ನೋಡಿ.

ಉದಾಹರಣೆಗೆ, 1841ರ ಮೇ 27ರಂದು ಚುನಾಯಿತರಾದ ಮುಂಬಯಿಯ ಅರ್ದೇಶಿರ್ ಕರ್ಸೆಟ್‌ಜಿ ಅವರ ಪತ್ರವನ್ನು ತೆಗೆದುಕೊಳ್ಳಿ. ರಾಯಲ್ ಸೊಸೈಟಿಯ ಮೊದಲ ಭಾರತೀಯ ಫೆಲೋ ಅವರೇ. ಹಡಗು ನಿರ್ಮಾಣದ ವಾಡಿಯಾ ಮನೆತನದಲ್ಲಿ ಹುಟ್ಟಿದ ಇವರ ಯೋಗ್ಯತೆಯಾಗಿ ನೌಕಾನಿರ್ಮಾಣದ ಜ್ಞಾನ, ಉಗಿಯಂತ್ರಗಳನ್ನು ಅಳವಡಿಸಿದ ಕೆಲಸ, ಮುಂಬಯಿಗೆ ಅನಿಲ ದೀಪವನ್ನು ತಂದದ್ದು ಇವನ್ನೆಲ್ಲ ಹೇಳಲಾಗಿದೆ. ಹಳೆಯ ಪದ್ಧತಿಯ ಕಾಲದ್ದಾದರೂ ಇದು ಖಾಲಿ ಮಾತಿನ ಪತ್ರವಲ್ಲ, ಕೈಕೆಲಸದ ಲೆಕ್ಕ ಕೊಡುವ ಪತ್ರ. ಹಾಗಾಗಿ 1847ರ ಗಡಿಯನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಪತ್ರವನ್ನು ಓದದೆ ತೀರ್ಪು ಕೊಡಬಾರದು. ಮುಂದಿನ ಭಾರತೀಯ ಫೆಲೋ ಶ್ರೀನಿವಾಸ ರಾಮಾನುಜನ್ ಆಯ್ಕೆಯಾದದ್ದು 1918ರಲ್ಲಿ. ನಡುವಿನ 77 ವರ್ಷಗಳ ಮೌನಕ್ಕೆ ನಿಯಮಾವಳಿಯಲ್ಲಿ ಯಾವ ನಿಷೇಧವೂ ಇರಲಿಲ್ಲ. ಆರು ರುಜುಗಳು ಬೇಕು, ಮೂರು ಖುದ್ದು ಪರಿಚಯದಿಂದ ಬರಬೇಕು ಎಂಬ ನಿಯಮ ಲಂಡನ್ನಿನಿಂದ ದೂರವಿದ್ದವರಿಗೆ ಎಷ್ಟು ಎತ್ತರದ ಹೊಸಿಲಾಗಿತ್ತು ಎಂಬುದನ್ನು ನೆನೆದರೆ, ನಿಷೇಧದ ಅಗತ್ಯವೇ ಇರಲಿಲ್ಲವೆನಿಸುತ್ತದೆ.

ಮಹಿಳೆಯರ ವಿಷಯದಲ್ಲಿ ಮಾತ್ರ ತಡೆ ಬಾಯಿಬಿಟ್ಟು ಹೇಳಿಸಿಕೊಂಡಿತು. ವಿಕ್ಟೋರಿಯಾ ತೀರಿಕೊಂಡ ಮರುವರ್ಷವೇ, 1902ರಲ್ಲಿ, ಭೌತವಿಜ್ಞಾನಿ ಹರ್ತಾ ಏರ್ಟನ್ ಅವರ ಶಿಫಾರಸು ಪತ್ರ ಬಂದಾಗ, ವಿವಾಹಿತ ಮಹಿಳೆಯನ್ನು ಚುನಾಯಿಸಲು ಸನ್ನದಿನಲ್ಲಿ ಅವಕಾಶವಿಲ್ಲವೆಂದು ವಕೀಲರ ಅಭಿಪ್ರಾಯ ಪಡೆದು ಅದನ್ನು ಬದಿಗಿಡಲಾಯಿತು. ಮಹಿಳೆಯರು ಮೊದಲ ಬಾರಿಗೆ ಫೆಲೋಗಳಾದದ್ದು 1945ರಲ್ಲಿ. ಆದ್ದರಿಂದ ಆ ಕಾಲದ ಮಹಿಳಾ ವಿಜ್ಞಾನಿಯೊಬ್ಬರ ಹೆಸರು ಫೆಲೋಗಳ ಪಟ್ಟಿಯಲ್ಲಿಲ್ಲವೆಂದು ಹುಡುಕಾಟ ನಿಲ್ಲಿಸದೆ, ಇತರರು ಸಭೆಗೆ ಮಂಡಿಸಿದ ಲೇಖನಗಳಲ್ಲಿ ಹುಡುಕಿ. 1836ರಲ್ಲಿ ಸ್ಥಾಪನೆಯಾದ ಲಂಡನ್ನಿನ ಬೊಟಾನಿಕಲ್ ಸೊಸೈಟಿ ಆರಂಭದಿಂದಲೇ ಮಹಿಳೆಯರನ್ನು ಸೇರಿಸಿಕೊಂಡಿತ್ತು ಎಂಬುದೂ ನೆನಪಿರಲಿ.

ಹಣದ ಲೆಕ್ಕ

ಚುನಾವಣೆಯಲ್ಲಿ ಗೆದ್ದ ಮಾತ್ರಕ್ಕೆ ಪ್ರವೇಶ ಪೂರ್ಣವಾಗುತ್ತಿರಲಿಲ್ಲ. ಶುಲ್ಕ ಕಟ್ಟಿ, ಸನ್ನದು ಪುಸ್ತಕದಲ್ಲಿ ರುಜು ಹಾಕಿ, ಸಭೆಯಲ್ಲಿ ಅಧ್ಯಕ್ಷರ ಕೈಯಿಂದ ಪ್ರವೇಶ ಪಡೆಯಬೇಕಿತ್ತು. ಹಾಗಾಗಿ ಚುನಾವಣೆಯ ದಿನ ಬೇರೆ, ಪ್ರವೇಶದ ದಿನ ಬೇರೆ; ಭಾರತದಲ್ಲಿ ಕೆಲಸದಲ್ಲಿದ್ದವರ ವಿಷಯದಲ್ಲಿ ಎರಡನ್ನೂ ಕಲಸಿಕೊಳ್ಳದೆ ಬರೆದುಕೊಳ್ಳಬೇಕು.

ಶತಮಾನದ ನಡುವಿನಲ್ಲಿ ಪ್ರವೇಶ ಶುಲ್ಕ 10 ಪೌಂಡ್, ವಾರ್ಷಿಕ ವಂತಿಗೆ 4 ಪೌಂಡ್. ಒಮ್ಮೆಗೇ 60 ಪೌಂಡ್ ಕಟ್ಟಿದವರು ಜೀವಮಾನದ ವಂತಿಗೆಯಿಂದ ಮುಕ್ತರಾಗುತ್ತಿದ್ದರು. ಒಂದು ರೂಪಾಯಿ ಸುಮಾರು 2 ಷಿಲಿಂಗ್ ಬಾಳುತ್ತಿದ್ದ ಆ ದಿನಗಳಲ್ಲಿ ಇದು ನಮ್ಮ ಲೆಕ್ಕಕ್ಕೆ ಪ್ರವೇಶಕ್ಕೆ 100, ವರ್ಷಕ್ಕೆ 40, ಒಟ್ಟಿಗೆ ಕಟ್ಟಿದರೆ 600 ರೂಪಾಯಿ. ಜೋಸೆಫ್ ಹುಕರ್ ಅಧ್ಯಕ್ಷರಾಗಿದ್ದಾಗ ಹಣವಂತರಿಂದ ನಿಧಿ ಕೂಡಿಸಿ, 1878ರಲ್ಲಿ ಪ್ರವೇಶ ಶುಲ್ಕವನ್ನು ತೆಗೆದು ವಂತಿಗೆಯನ್ನು 3 ಪೌಂಡಿಗೆ ಇಳಿಸಿದರು. ಸಂಬಳದ ಮೇಲೆ ಬದುಕುವ ವಿಜ್ಞಾನಿಗಳು ಹೆಚ್ಚಾಗುತ್ತಿದ್ದ ಕಾಲದಲ್ಲಿ ಈ ಇಳಿತ, ನನ್ನ ಮಟ್ಟಿಗೆ, 1847ರ ಸುಧಾರಣೆಯ ಉಳಿದರ್ಧ. ಒಬ್ಬ ಯೋಗ್ಯ ವ್ಯಕ್ತಿ 1878ಕ್ಕೆ ಮೊದಲು ಯಾವ ಸಂಘಕ್ಕೂ ಸೇರಿರದಿದ್ದರೆ, ಯೋಗ್ಯತೆಯ ಪ್ರಶ್ನೆ ಎತ್ತುವ ಮೊದಲು ಆತನ ಸಂಬಳ ಎಷ್ಟಿತ್ತೆಂದು ನೋಡಿ.

ಆಡಳಿತ ಯಾರ ಕೈಯಲ್ಲಿತ್ತು

ಸನ್ನದಿನ ಪ್ರಕಾರ ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರೂ ಸೇರಿ 21 ಮಂದಿ. ಪ್ರತಿವರ್ಷ ನವೆಂಬರ್ 30ರಂದು, ಸಂತ ಆಂಡ್ರ್ಯೂ ದಿನದಂದು ನಡೆಯುವ ವಾರ್ಷಿಕ ಸಭೆಯಲ್ಲಿ ಹತ್ತು ಮಂದಿ ಹೊರಹೋಗಿ ಹತ್ತು ಮಂದಿ ಹೊಸಬರು ಬರುತ್ತಿದ್ದರು. ಹೊಸಬರ ಪಟ್ಟಿಯನ್ನು ಹಳೆಯ ಮಂಡಳಿಯೇ ಸಿದ್ಧಪಡಿಸಿ ಮುಂದಿಡುತ್ತಿದ್ದರಿಂದ ಸ್ಪರ್ಧೆ ಅಪರೂಪ. 1830ರಂಥ ಹಣಾಹಣಿಯನ್ನು ಪ್ರತಿವರ್ಷ ನಿರೀಕ್ಷಿಸಬಾರದು.

ಪಟ್ಟಿಯನ್ನು ಓದುವಾಗ ಅಧ್ಯಕ್ಷರ ಹೆಸರಿಗೆ ಮರುಳಾಗದಿರುವುದು ಒಳ್ಳೆಯದು. ಸಾಮಾನ್ಯ ಸದಸ್ಯರು ಬಂದು ಹೋಗುತ್ತಿದ್ದರು, ಅಧ್ಯಕ್ಷರು ಶತಮಾನದ ಕೊನೆಯ ದಶಕಗಳಲ್ಲಿ ಸುಮಾರು ಐದು ವರ್ಷಕ್ಕೆ ಇಳಿಯುತ್ತಿದ್ದರು. ಕಾರ್ಯದರ್ಶಿಗಳು ಮಾತ್ರ ಕದಲುತ್ತಿರಲಿಲ್ಲ. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1854ರಿಂದ 1885ರವರೆಗೆ, ಅಂದರೆ 31 ವರ್ಷ ಕಾರ್ಯದರ್ಶಿಯಾಗಿದ್ದು, ಆಮೇಲೆ ಅಧ್ಯಕ್ಷರಾದರು. ಆ ಅವಧಿಯಲ್ಲಿ ಭೌತವಿಜ್ಞಾನದ ಯಾವ ಲೇಖನ ಯಾರ ಪರಿಶೀಲನೆಗೆ ಹೋಗಬೇಕು, ಯಾವ ತಿದ್ದುಪಡಿಯೊಂದಿಗೆ ಅಚ್ಚಾಗಬೇಕು ಎಂಬುದೆಲ್ಲ ಅವರ ಮೇಜಿನ ಮೇಲೆ ನಡೆಯುತ್ತಿತ್ತು. ಅಧ್ಯಕ್ಷರಾಗಿದ್ದಾಗಲೇ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೂ ಹೋದರು. ವಿಜ್ಞಾನದ ಸಂಘದ ತಲೆಯಾಳು ರಾಜಕೀಯದಲ್ಲಿರಬಹುದೇ ಎಂಬ ತಕರಾರನ್ನು ಎತ್ತಿದವರು ಅವರ ಹಿಂದಿನ ಅಧ್ಯಕ್ಷ ಹಕ್ಸ್‌ಲಿ.

1873ರಿಂದ 1885ರವರೆಗೆ ಸಾಲಾಗಿ ಅಧ್ಯಕ್ಷರಾದ ಹುಕರ್, ಸ್ಪಾಟಿಸ್‌ವುಡ್, ಹಕ್ಸ್‌ಲಿ ಮೂವರೂ 1864ರಲ್ಲಿ ಶುರುವಾದ ‘ಎಕ್ಸ್ ಕ್ಲಬ್’ ಎಂಬ ಒಂಬತ್ತು ಮಂದಿ ಗೆಳೆಯರ ಊಟದ ಕೂಟದವರು. ಇದನ್ನು ಕಂಡವರು ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು ಎನ್ನುವುದುಂಟು. ಹಾಗೆನ್ನುವ ಮೊದಲು ಮಂಡಳಿಯ ನಡಾವಳಿಯಲ್ಲಿ ಆಯಾ ದಿನ ಹಾಜರಿದ್ದವರ ಹೆಸರುಗಳನ್ನು ಎಣಿಸಬೇಕು. ಗೆಳೆತನಕ್ಕೆ ಸಾಕ್ಷಿ ಸಿಕ್ಕಿದರೆ ಒಳಸಂಚಿಗೆ ಸಾಕ್ಷಿ ಸಿಕ್ಕಿದಂತಲ್ಲ.

1850ರಿಂದ ಸರ್ಕಾರ ಸಂಶೋಧನೆಗಾಗಿ ವರ್ಷಕ್ಕೆ 1000 ಪೌಂಡ್ ಅನುದಾನವನ್ನು ಸೊಸೈಟಿಯ ಮೂಲಕ ಹಂಚತೊಡಗಿತು. ಖಾಸಗಿ ಕೂಟವೊಂದು ಸಾರ್ವಜನಿಕ ಹಣದ ಹೊಣೆ ಹೊತ್ತದ್ದು ಹೀಗೆ. ಅನುದಾನ ಪಡೆದವರ ಪಟ್ಟಿಯನ್ನೂ ಫೆಲೋಗಳ ಪಟ್ಟಿಯ ಪಕ್ಕದಲ್ಲಿಟ್ಟು ಓದುವುದು ಲಾಭದಾಯಕ.

ಉಳಿದ ಅಕ್ಷರಗಳು

ಲೇಖನ ಪ್ರಕಟವಾದ ಮಾತ್ರಕ್ಕೆ ಲೇಖಕರು ಫೆಲೋ ಎಂದುಕೊಳ್ಳಬಾರದು. ಹೊರಗಿನವರ ಲೇಖನವನ್ನು ಫೆಲೋ ಒಬ್ಬರು ಸಭೆಗೆ ಸಲ್ಲಿಸಿದರೆ ಸಾಕಿತ್ತು. ಎಫ್.ಜಿ.ಎಸ್. ಎಂಬುದು 1807ರ ಜಿಯಲಾಜಿಕಲ್ ಸೊಸೈಟಿಯದು, ಎಫ್.ಎಲ್.ಎಸ್. 1788ರ ಲಿನ್ನಿಯನ್ ಸೊಸೈಟಿಯದು. ಇವುಗಳಲ್ಲಿಯೂ ಶಿಫಾರಸು ಮತ್ತು ಮತದಾನ ಇದ್ದವು, ಆದರೆ ವರ್ಷಕ್ಕೆ 15ರಂಥ ಮಿತಿ ಇರಲಿಲ್ಲ. ಭಾರತದ ಅಧಿಕಾರಿಗಳ ಹೆಸರಿನ ಮುಂದೆ ಧಾರಾಳವಾಗಿ ಕಾಣುವ ಎಫ್.ಆರ್.ಜಿ.ಎಸ್. ಇನ್ನೂ ಸುಲಭ: ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯ ಫೆಲೋಗಳು ಸಾವಿರಗಟ್ಟಲೆ ಇದ್ದರು. ಎಂ.ಆರ್.ಎ.ಎಸ್. ಎಂಬುದು ರಾಯಲ್ ಏಷಿಯಾಟಿಕ್ ಸೊಸೈಟಿಯ ಸದಸ್ಯತ್ವ; ಅದು ವಿಜ್ಞಾನಕ್ಕಿಂತ ಪ್ರಾಚ್ಯವಿದ್ಯೆಗೆ ಸಂಬಂಧಿಸಿದ್ದು. ಹಾಗೆಂದು ಬ್ರೂಸ್ ಫೂಟ್ ಅವರಂಥವರನ್ನು ಓಲ್ಡ್‌ಹ್ಯಾಂಗಿಂತ ಕೆಳಗಿನವರೆಂದು ತೂಗುವುದೂ ತಪ್ಪು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿ ಗುರುತಿಸಿ ಭಾರತದ ಶಿಲಾಯುಗದ ಅಧ್ಯಯನಕ್ಕೆ ದಾರಿ ತೆರೆದ ಅವರಿಗೆ ಎಫ್.ಆರ್.ಎಸ್. ಕೊನೆಯವರೆಗೂ ಬರಲಿಲ್ಲ.

ಕನ್ನಡದಲ್ಲಿ ಬರೆಯುವಾಗ ‘ರಾಯಲ್ ಸೊಸೈಟಿಯ ಫೆಲೋ, ಚುನಾವಣೆ 1848’ ಎಂದು ಸಂಘದ ಹೆಸರನ್ನೂ ವರ್ಷವನ್ನೂ ಜೊತೆಯಲ್ಲಿ ಕೊಡಿ. ಪುಸ್ತಕದ ಮುಖಪುಟದಲ್ಲಿ ಈ ಅಕ್ಷರಗಳಿಲ್ಲದಿದ್ದರೆ ಪುಸ್ತಕ ಅಚ್ಚಾದ ವರ್ಷವನ್ನು ಚುನಾವಣೆಯ ವರ್ಷದೊಂದಿಗೆ ಹೋಲಿಸಿ; ಎಷ್ಟೋ ಸಲ ಗೌರವ ಪುಸ್ತಕದ ನಂತರ, ಆ ಪುಸ್ತಕದ ಕಾರಣದಿಂದಲೇ ಬಂದಿರುತ್ತದೆ. ಕೊನೆಯದಾಗಿ, ಸೊಸೈಟಿಯ ‘ಪ್ರೊಸೀಡಿಂಗ್ಸ್’ ಸಂಪುಟಗಳಲ್ಲಿ ಫೆಲೋಗಳ ಮರಣಾನಂತರ ಅಚ್ಚಾದ ಸ್ಮರಣಲೇಖನಗಳನ್ನು ನೋಡಿ. ಅವುಗಳನ್ನು ಬರೆದವರು ಬಹುಮಟ್ಟಿಗೆ ಗೆಳೆಯರೇ ಆದ್ದರಿಂದ ಅಲ್ಲಿನ ವರ್ಷಗಳನ್ನೂ ಹುದ್ದೆಗಳನ್ನೂ ತೆಗೆದುಕೊಂಡು, ಹೊಗಳಿಕೆಯನ್ನು ಶಿಫಾರಸು ಪತ್ರದಲ್ಲಿ ರುಜು ಹಾಕಿದವರ ಪಟ್ಟಿಯೊಂದಿಗೆ ಹೋಲಿಸಿದ ಮೇಲೆಯೇ ಬಳಸಿಕೊಳ್ಳಿ.